ಒಂದು ಚಿಲುಮೆ, ಎರಡು ಅರಿವೆ

ನನ್ನನ್ನು ಹುಕ್ಕೇರಿ ಕಡೆ ಕೊಟ್ಟ ಮೇಲೆ ತವರಿಗೆ ಹೋಗುವಾಗಲೆಲ್ಲ ನನ್ನ ಚೀಲದಲ್ಲಿ ತಂಬಾಕಿನ ಎಲೆ ಇರುತ್ತಿತ್ತು. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಬೇರೆ ಹೆಣ್ಣುಮಕ್ಕಳು ಕರದಂಟು ಕಟ್ಟಿಸಿಕೊಳ್ಳುತ್ತಿದ್ದರು. ನಾನು ಬಸ್ಸಿನ ತುಂಬ ಘಾಟು ಹಬ್ಬಿಸುತ್ತ ಒಣಎಲೆ ಒಯ್ಯುತ್ತಿದ್ದೆ. ಬಾಜೂ ಕೂತವರು ಸೀನಿದರೆ ಏನೂ ಗೊತ್ತಿಲ್ಲದವಳ ಹಾಗೆ ಕಿಟಕಿಯಾಚೆ ನೋಡುತ್ತಿದ್ದೆ. ಗಂಡನ ಮನೆಯವರು ತಂಬಾಕು ಬೆಳೆಯುತ್ತಿದ್ದರು. ಮೂಡಲಗಿ ಹತ್ತಿರದ ನಮ್ಮೂರಿನಲ್ಲಿ ಎತ್ತ ನೋಡಿದರೂ ಕಬ್ಬು. ಅಪ್ಪ ಮೊದಲು ಚೀಲ ಮೂಸಿ, ಆಮೇಲೆ ಅಳಿಯನ ಕ್ಷೇಮ ಕೇಳುತ್ತಿದ್ದ.

ಅಂಗಡಿಯ ತಂಬಾಕನ್ನು ಅಪ್ಪ ಮುಟ್ಟುತ್ತಿರಲಿಲ್ಲ. ಎಲೆಯ ನಡುವಿನ ದಂಟು ತೆಗೆದು, ಬೆಲ್ಲದ ನೀರು ಚಿಮುಕಿಸಿ, ಒಂದರ ಮೇಲೊಂದು ಹಾಸಿ, ದಪ್ಪ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಬೀಸುವ ಕಲ್ಲಿನ ಕೆಳಗೆ ಇಡುತ್ತಿದ್ದ. ಊರಿಗೆ ಗಿರಣಿ ಬಂದ ಮೇಲೆ ಆ ಕಲ್ಲಿಗೆ ಬೇರೆ ಕೆಲಸವೂ ಇರಲಿಲ್ಲ. ವಾರಗಟ್ಟಲೆ ಕಳೆದ ಮೇಲೆ ಎಲೆಗಳೆಲ್ಲ ಕೂಡಿಕೊಂಡು ಕರಿಯ ಗಟ್ಟಿಯಾಗಿ ಹೊರಗೆ ಬರುತ್ತಿದ್ದವು.

ಆ ಗಟ್ಟಿಯನ್ನು ಮುರಿದು ಹಾಗೇ ತುಂಬಿದರೆ ಸೇದುವ ಮಣ್ಣಿನ ಚಿಲುಮೆ ಹತ್ತುವುದಿಲ್ಲ. ಈಳಿಗೆಯಿಂದ ತೆಳ್ಳಗೆ ಕೊಯ್ದು, ಅಂಗೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ, ತಾಟಿನಲ್ಲಿ ಹರಡಿ ನೆರಳಿಗೆ ಇಡಬೇಕು. ಬಿಸಿಲಿಗಿಟ್ಟರೆ ಪುಡಿಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅದು ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಉಂಡೆಯಾಗಿಯೇ ಕೂತರೆ ಇನ್ನೂ ಹಸಿ ಎಂದರ್ಥ. ಚಿಕ್ಕಂದಿನಿಂದ ಈ ಕೆಲಸ ನನ್ನದಾಗಿತ್ತು. ಅವಸರ ಮಾಡಿದರೆ ಅಪ್ಪ ಬೈಯುತ್ತಿದ್ದ. "ಹಿಂಡಬ್ಯಾಡ, ಬಿಡಸು. ಅದೇನ ಮೆಂತೆ ಪಲ್ಲೆ ಅಲ್ಲ." ಮದುವೆಯಾದ ಮೇಲೂ ತವರಿಗೆ ಹೋದ ಮರುದಿನ ತಾಟು ಹಿಡಿದು ಹೊಲಕ್ಕೆ ಹೋಗುತ್ತಿದ್ದೆ.

ಹೊಲದ ಬೇವಿನ ಮರದ ಕೆಳಗೆ ಅಪ್ಪನ ಜೊತೆ ಇನ್ನೊಬ್ಬರು ಕೂತಿರುತ್ತಿದ್ದರು. ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ಅವರ ಮನೆ ಊರಿನ ಕೊನೆಯ ಓಣಿಯಲ್ಲಿತ್ತು, ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಅಪ್ಪ ಮತ್ತು ಕಾಕಾ ಒಂದೇ ವಾರಗೆಯವರು, ಒಟ್ಟಿಗೆ ಬಾವಿ ತೋಡಿದವರು, ಒಟ್ಟಿಗೆ ಮುದುಕರಾದವರು. ಚಿಲುಮೆಯೂ ಒಂದೇ. ಆದರೆ ಚಿಲುಮೆಯ ಬಾಯಿಗಿಡುವ ತುದಿಗೆ ಸುತ್ತುವ ಒದ್ದೆ ಅರಿವೆ ಮಾತ್ರ ಬೇರೆ ಬೇರೆ. ಅಪ್ಪನದು ಧೋತರದ ಅಂಚಿನ ಬಿಳಿ ತುಂಡು, ಕಾಕಾನದು ರುಮಾಲಿನ ಕೆಂಪು ತುಂಡು. ಅಪ್ಪ ಸೇದಿ, ತನ್ನ ಅರಿವೆ ಬಿಚ್ಚಿಕೊಂಡು, ಚಿಲುಮೆಯನ್ನು ನೆಲದ ಮೇಲೆ ಇಡುತ್ತಿದ್ದ. ಕಾಕಾ ತಮ್ಮದನ್ನು ಸುತ್ತಿ ಎತ್ತಿಕೊಳ್ಳುತ್ತಿದ್ದರು. ಮುಗಿದ ಮೇಲೆ ಹಿಂಡಿ ಒಣಹಾಕುವಾಗಲೂ ಬಿಳಿಯದು ಮೇಲಿನ ಟೊಂಗೆಗೆ, ಕೆಂಪು ಕೆಳಗಿನ ಟೊಂಗೆಗೆ.

ಅಪ್ಪ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿ, ಎಲ್ಲರೂ ಒಂದೇ ಎಂದು ಸಾರುವ ವಚನಗಳನ್ನು ಬಾಯಿತುಂಬ ಹೇಳುತ್ತಿದ್ದ. ಅದನ್ನು ಕೇಳಿ ಕೇಳಿ ಬೆಳೆದ ನನಗೆ ಒಂದು ದಿನ ತಡೆಯಲಾಗಲಿಲ್ಲ.

"ಅಪ್ಪಾ, ತಂಬಾಕ ಒಂದ, ಕೆಂಡ ಒಂದ, ಹೊಗಿ ಒಂದ. ಅರಿವಿ ಅಷ್ಟ ಯಾಕ ಎರಡು?"

"ಮೊದಲಿಂದ ನಡಕೊಂಡ ಬಂದೈತಿ. ಸುಮ್ಮನ ಕುಂದರು," ಎಂದ ಅಪ್ಪ.

ಕಾಕಾ ನಕ್ಕರು. ಅಪ್ಪನ ಮಾತಿಗಿಂತ ಆ ನಗುವೇ ನನ್ನನ್ನು ಹೆಚ್ಚು ಚುಚ್ಚಿತು.

ಮುಂದೆ ಅಪ್ಪನಿಗೆ ದಮ್ಮು ಶುರುವಾಯಿತು. ಗೋಕಾಕದ ಡಾಕ್ಟರು ಚಿಲುಮೆ ಬಿಡಿಸಿದರು. ನಾನು ಎಲೆ ಒಯ್ಯುವುದನ್ನು ನಿಲ್ಲಿಸಿದೆ. ಆದರೂ ಇಬ್ಬರೂ ಬೇವಿನ ಕೆಳಗೆ ಕೂರುವುದು ನಿಲ್ಲಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಕಬ್ಬಿನ ಕಡೆ ನೋಡುತ್ತ ಕೂರುತ್ತಿದ್ದರು. ಹೋದ ವರ್ಷ ಅಪ್ಪ ತೀರಿಕೊಂಡ. ಅದೇ ಬೇವಿನ ಮರದ ಬಾಜೂ ಅವನನ್ನು ಮಣ್ಣು ಮಾಡಿದೆವು. ಗುಣಿಗೆ ಮಣ್ಣು ಹಾಕುವಾಗ ಕಾಕಾ ಎಲ್ಲರ ಹಿಂದೆ ನಿಂತಿದ್ದರು.

ಮೂರನೆಯ ದಿನ ಸಮಾಧಿಗೆ ಎಡೆ ಒಯ್ಯಬೇಕು. ಹೋದವರಿಗೆ ಯಾವುದರ ಮೇಲೆ ಆಸೆ ಇತ್ತೋ ಅದನ್ನು ಇಡುವುದು ನಮ್ಮ ಕಡೆಯ ಪದ್ಧತಿ. ಹೋಳಿಗೆ, ಬದನೆಕಾಯಿ ಪಲ್ಯ, ಚಹಾ ಎಲ್ಲ ಆಯಿತು. ಅವ್ವ ಅಪ್ಪನ ಹಳೆಯ ತಂಬಾಕಿನ ಚಂಚಿ ತಂದು ಬಿಚ್ಚಿದಳು. ಅದರಲ್ಲಿ ಚಿಲುಮೆ, ಬಿಳಿ ಅರಿವೆ, ಉಳಿದಿದ್ದ ಒಂದು ತುಂಡು ಗಟ್ಟಿ ತಂಬಾಕು ಇದ್ದವು. ಗಾಳಿ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರಿಂದ ಅದು ಇನ್ನೂ ಮೆತ್ತಗಿತ್ತು. ಸಾಯುವವರೆಗೂ ಅಪ್ಪ ಅದನ್ನು ಕಾಯ್ದುಕೊಂಡಿದ್ದ ಎಂದು ಆಗ ತಿಳಿಯಿತು.

ನನ್ನ ಅಣ್ಣನಿಗೆ ಎಲ್ಲದಕ್ಕೂ ಗಡಿಬಿಡಿ. ಗಟ್ಟಿಯ ಒಂದು ಮೂಲೆಯನ್ನು ಕೈಯಲ್ಲೇ ಚೂರು ಮಾಡಿ, ಚಿಲುಮೆಗೆ ಒತ್ತಿ ತುಂಬಿ, ಮೇಲೆ ಕೆಂಡ ಇಟ್ಟು ಸಮಾಧಿಯ ತಲೆಗಡೆ ನಿಲ್ಲಿಸಿದ. ಒಂದೆಳೆ ಹೊಗೆ ಬಂದು ಆರಿತು. ಮತ್ತೆ ಕೆಂಡ ಇಟ್ಟ. ಮತ್ತೆ ಆರಿತು. ನೆರೆದವರು ಮುಖ ಮುಖ ನೋಡಿಕೊಂಡರು. ಕಾಗೆ ಎಡೆ ಮುಟ್ಟದಿದ್ದಾಗ ನೋಡಿಕೊಳ್ಳುವ ನೋಟ ಅದು.

"ಒಲ್ಲೆ ಅನ್ನಾಕತ್ತಾರ," ಎಂದು ಅವ್ವ ಅಳತೊಡಗಿದಳು. "ಏನೋ ಮನಸಿನ್ಯಾಗ ಇಟಗೊಂಡ ಹೋಗ್ಯಾರ ನೋಡ್ರಿ."

"ಅಪ್ಪ ಒಲ್ಲೆ ಅಂದಿಲ್ಲ, ತಂಬಾಕ ಹಸಿ ಐತಿ," ಎಂದು ನಾನು ಚಿಲುಮೆ ಕಿತ್ತುಕೊಂಡೆ. ಬಡಿದು ಬರಿದು ಮಾಡಿ, ಮನೆಯಿಂದ ಈಳಿಗೆ, ತಾಟು ತರಿಸಿ ಉಳಿದ ತುಂಡನ್ನು ಕೊಯ್ದು, ಬಿಡಿಸಿ, ತಾಟಿನಲ್ಲಿ ಹರಡಿ ಬೇವಿನ ನೆರಳಿಗೆ ಇಟ್ಟೆ. ಬಿಸಿಲು ಏರುತ್ತಿತ್ತು. ಅಣ್ಣ ಗೊಣಗಿದ. ಅವ್ವನ ಅಳು ನಿಂತಿರಲಿಲ್ಲ. ಈ ಸಲವೂ ಆರಿದರೆ ಅವಳು ಉಳಿದ ಆಯುಷ್ಯವೆಲ್ಲ ಅದನ್ನೇ ನೆನೆದು ಕೊರಗುತ್ತಾಳೆ ಎಂದು ನನಗೆ ಗೊತ್ತಿತ್ತು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಎಳೆಗಳು ಮೆಲ್ಲಗೆ ಬಿಚ್ಚಿಕೊಳ್ಳುವವರೆಗೂ ನಾನು ಜಗ್ಗಲಿಲ್ಲ. ತಂಬಾಕು ಕೆಳಗೆ ಇಳಿಯದಂತೆ ತಳಕ್ಕೆ ಸಣ್ಣ ಹರಳು ಹಾಕಿ, ಸಡಿಲವಾಗಿ ತುಂಬಿ, ಮೇಲೆ ಕೆಂಡ ಇಟ್ಟೆ.

ಆದರೆ ಯಾರಾದರೂ ಸೇದಿದರೆ ಮಾತ್ರ ಚಿಲುಮೆ ಹೊತ್ತುತ್ತದೆ. ಅಣ್ಣ ಒಂದು ಸಲ ಎಳೆದು ಕೆಮ್ಮಿ ಕೂತ. ನಾನು ತಿರುಗಿ ನೋಡಿದೆ. ಕಾಕಾ ಬದುವಿನ ಹತ್ತಿರ ನಿಂತಿದ್ದರು.

"ಕಾಕಾ, ನೀವ ಬರ್ರಿ," ಎಂದೆ.

ಅವರು ಬಂದರು. ನಾನು ಅಪ್ಪನ ಬಿಳಿ ಅರಿವೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಎಲ್ಲರೂ ನೋಡುತ್ತಿರುವಾಗಲೇ ಅವರ ಮುಂದೆ ಹಿಡಿದೆ. ಹಿಂದೆ ಗುಸುಗುಸು ಶುರುವಾಯಿತು. ಆಗಲಿ ಎಂದುಕೊಂಡೆ. ಇಂದಾದರೂ ಇದು ಮುಗಿಯಬೇಕು ಎಂಬ ಹಟ ನನ್ನ ಎದೆಯಲ್ಲಿತ್ತು.

ಕಾಕಾ ಅರಿವೆಯನ್ನು ನೋಡಿದರು. ಕೈ ಚಾಚಲಿಲ್ಲ.

"ಬ್ಯಾಡ ಯವ್ವಾ. ನಿಮ್ಮಪ್ಪಾರು ಇದ್ದಾಗ ಒಂದ ದಿನಾನೂ ತಗೋ ಅನ್ನಲಿಲ್ಲ. ಆ ಮಾತು ಅವರ ಬಾಯಿಂದ ಬರಬೇಕಿತ್ತು. ನೀ ಕೊಟ್ಟರ ಅದು ಬಂದಂಗ ಆಗೂದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಅಂಗಿಯ ಜೇಬಿನಿಂದ ಕೆಂಪು ತುಂಡು ತೆಗೆದರು. ಚಿಲುಮೆ ಬಿಟ್ಟು ಇಷ್ಟು ದಿನವಾದರೂ ಅದನ್ನು ಅವರೂ ಎಸೆದಿರಲಿಲ್ಲ. ಒದ್ದೆ ಮಾಡಿ ಸುತ್ತಿ, ಕಣ್ಣು ಮುಚ್ಚಿ ಉದ್ದಕ್ಕೆ ಎಳೆದರು. ಕೆಂಡ ಕೆಂಪಾಯಿತು. ಹೊಗೆ ದಟ್ಟವಾಗಿ ಬಂತು. ಆಮೇಲೆ ತಮ್ಮದನ್ನು ಬಿಚ್ಚಿಕೊಂಡು, ನನ್ನ ಕೈಯಲ್ಲಿದ್ದ ಬಿಳಿಯದನ್ನು ಇಸಿದುಕೊಂಡು ಚಿಲುಮೆಗೆ ಸುತ್ತಿ, ಅಪ್ಪನ ತಲೆಗಡೆ ಇಟ್ಟರು. ಅದು ಆರಲಿಲ್ಲ.

"ತಗೊಂಡ್ರು," ಎಂದು ಅವ್ವ ಕೈ ಮುಗಿದಳು. ಎಲ್ಲರೂ ಉಸಿರು ಬಿಟ್ಟು ಚಪ್ಪಲಿ ಹುಡುಕತೊಡಗಿದರು.

ಕಾಕಾ ತಮ್ಮ ಅರಿವೆ ಹಿಂಡಿಕೊಂಡು ಬೇವಿನ ಹತ್ತಿರ ಹೋದರು. ಮೇಲಿನ ಟೊಂಗೆ ಖಾಲಿ ಇತ್ತು, ಬೇಡ ಎನ್ನುವವನು ಮಣ್ಣಿನೊಳಗಿದ್ದ. ಆದರೂ ಅವರ ಕೈ ಕೆಳಗಿನ ಟೊಂಗೆಗೇ ಹೋಯಿತು. ಮೂರು ದಿನದಿಂದ ಅಪ್ಪನಿಗಾಗಿ ಅಳುತ್ತಿದ್ದ ನನಗೆ ಆಗ ಅಪ್ಪನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.