ಕೆನ್ನೆಯ ಮೇಲೆ ಉಳಿದ ಹುಣ್ಣು

ಇದು ನಡೆದದ್ದು. ಹೀಗೆಯೇ ನಡೆಯಿತೆಂದು ಮಾತ್ರ ಆಣೆ ಇಡಲಾರೆ. ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಎಂ.ಎ. ಓದುತ್ತಿದ್ದಾಗಿನಿಂದ ಡೈರಿ ಬರೆಯುವುದು ಅದಕ್ಕೇ. ಆ ರಾತ್ರಿಯ ಪುಟದಲ್ಲಿ ‘ಎಡಗೆನ್ನೆ’ ಎಂದಿದೆ. ನನ್ನ ಕಣ್ಣ ಮುಂದೆ ಬರುವುದು ಬಲಗೆನ್ನೆ. ವಾಸನೆಯ ವಿಷಯದಲ್ಲಿ ಮಾತ್ರ ಡೈರಿಗೂ ನನಗೂ ಜಗಳವಿಲ್ಲ...

ಸದಾನಂದಣ್ಣ ಕಾಪು ಕಡೆಯವರು. ಮುಂಬಯಿಗೆ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಶಾಲೆಯಲ್ಲಿ ಓದುತ್ತ, ಹೋಟೆಲ್ ಕಾರ್ಮಿಕರ ನಾಟಕದಲ್ಲಿ ಮೊದಲ ಸಲ ಬಣ್ಣ ಹಚ್ಚಿದವರು. ಕನ್ನಡ ನಾಟಕಗಳಲ್ಲಿ ರಾಜ, ಖಳ, ಕುಡುಕ ಎಲ್ಲ ಆದರು. ಹಿಂದಿ ಸಿನಿಮಾದಲ್ಲಿ ಮಾತ್ರ ಹವಾಲ್ದಾರ, ವೇಟರ್, ಇಲ್ಲವೆ ಹೆಣ. “ಹೆಣಕ್ಕಾದ್ರೆ ಕ್ಲೋಸಪ್ ಸಿಗ್ತದೆ ಮಾರಾಯ” ಎಂದು ನಗುತ್ತಿದ್ದರು. ಅರವತ್ತು ದಾಟಿದ ಮೇಲೆ ಅದೃಷ್ಟ ಬಾಗಿಲು ತಟ್ಟಿತು. ಒಂದು ಸೀರಿಯಲ್‌ನಲ್ಲಿ ಅಜ್ಜನ ಪಾತ್ರ, ಕಂತುಗಟ್ಟಲೆ ಮಾತು. ಆ ರಾತ್ರಿಯ ಮರುದಿನ ಬೆಳಗಾಗುವಾಗಲೇ ಗೋರೆಗಾಂವ್‌ನಲ್ಲಿ ಅದರ ಮೊದಲ ಶೂಟಿಂಗ್. ಮುಖದ ಮೇಲೆ ಒಂದು ಕಲೆಯೂ ಇರಬಾರದೆಂದು ಹೇಳಿ ಕಳಿಸಿದ್ದರು.

ಹಿಂದಿನ ಸಂಜೆ ಮಾಟುಂಗದಲ್ಲಿ ನಮ್ಮ ತಂಡದ ನಾಟಕವಿತ್ತು. ಅವರದು ಮೈತುಂಬ ಹುಣ್ಣಾದ ಜಮೀನ್ದಾರನ ಪಾತ್ರ. ಹುಣ್ಣುಗಳನ್ನು ಅವರೇ ಮಾಡಿಕೊಳ್ಳುತ್ತಿದ್ದರು... ಮೈದಾ, ಗೋಂದು, ಹತ್ತಿ, ಕೆಂಪು ಬಣ್ಣ, ಮೇಲೆ ಹೊಳೆಯಲು ಜೇನುತುಪ್ಪ. ಮುಂದಿನ ಸಾಲಿನವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರೆ ಅವರಿಗೆ ಅದೇ ಪ್ರಶಸ್ತಿ. ನಾನು ಪ್ರಾಂಪ್ಟರ್. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವವನು.

ನಮ್ಮ ತಂಡದಲ್ಲೊಂದು ಪದ್ಧತಿ. ಸಾಯುವ ಪಾತ್ರ ಸಾಯದೆ ಬಣ್ಣ ಒರೆಸುವಂತಿಲ್ಲ. ರಿಹರ್ಸಲ್‌ನಲ್ಲೂ ಅಷ್ಟೇ, ಕೊನೆಯ ಮಾತು ಹೇಳಿ, ಬಿದ್ದು, ಆಮೇಲೆಯೇ ಚಹಾ. ಅಂದು ನಾಟಕ ತಡವಾಗಿತ್ತು. ಜಮೀನ್ದಾರ ಸಾಯುವ ದೃಶ್ಯ ಶುರುವಾಗುವಷ್ಟರಲ್ಲಿ ಹೊತ್ತು ಮುಗಿಯಿತೆಂದು ಹಾಲ್‌ನ ಮ್ಯಾನೇಜರ್ ಒಳಗೆ ನುಗ್ಗಿದ.

“ಚಲಾ ಚಲಾ, ಟೈಮ್ ಸಂಪ್ಲಾ! ಲೈಟ್ ಬಂದ್!”

ಪರದೆ ಬಿತ್ತು. ಕತ್ತಲಲ್ಲೇ ಸಾಮಾನು ಕಟ್ಟಿದೆವು. ಸದಾನಂದಣ್ಣನ ಹೆಂಡತಿ ಜಲಜಕ್ಕ ಮೆಲ್ಲಗೆ ಕೇಳಿದರು, “ಹೊರಗೆ ನಿಂತು ಆ ನಾಲ್ಕು ಮಾತು ಹೇಳಿ ಮುಗಿಸಬಾರ್ದಾ?”

“ಬೆಳಿಗ್ಗೆ ಶೂಟಿಂಗ್ ಉಂಟು. ಫುಟ್‌ಪಾತಿನಲ್ಲಿ ಸಾಯ್ಲಿಕ್ಕೆ ಪುರುಸೊತ್ತಿಲ್ಲ.”

ಮುಖಕ್ಕೆ ಬೈರಾಸು ಸುತ್ತಿಕೊಂಡು ಲೋಕಲ್ ರೈಲು ಹತ್ತಿದರು, ಜೊತೆಗೆ ಜಲಜಕ್ಕ ಮತ್ತು ನಾನು. ಬಾಂದ್ರಾ ಬರುವಷ್ಟರಲ್ಲಿ ನಮ್ಮ ಸುತ್ತಲಿನ ಸೀಟುಗಳು ಖಾಲಿ.

“ಅಂಕಲ್, ಹಾಸ್ಪಿಟಲ್ ಜಾವೋ ನಾ” ಎಂದ ಒಬ್ಬ, ಬಾಗಿಲಿನಲ್ಲಿ ಮುಖ ಹೊರಗೆ ಹಾಕಿ.

“ನೋಡಿದ್ಯಾ? ನನ್ನ ಮೇಕಪ್ಪಿನಿಂದ ನಿಂಗೂ ವಿಂಡೋ ಸೀಟ್” ಎಂದರು ಸದಾನಂದಣ್ಣ. ನಾನು ನಗಲಿಲ್ಲ. ಮೈದಾ, ಜೇನುತುಪ್ಪಗಳಿಗೆ ಆ ವಾಸನೆ ಇರುವುದಿಲ್ಲ. ಬೇಸಿಗೆಯಲ್ಲಿ ಮುಚ್ಚಿಟ್ಟು ಮರೆತ ಮೀನಿನ ಪಾತ್ರೆಯ ವಾಸನೆ ಅದು...

ದಹಿಸರ್‌ನ ಅವರ ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಂಡರು. ಎಲ್ಲ ಬಂತು. ಕೆನ್ನೆಯ ಮೇಲಿನ ಒಂದು ಹುಣ್ಣು ಬಿಟ್ಟು.

ಸಾಬೂನು. ಬಿಸಿನೀರು. ಸೀಮೆಎಣ್ಣೆ. ಊಹೂಂ.

“ನೀನು ಎಳಿ ಮಾರಾಯ. ಇದು ಇದ್ರೆ ನಾಳೆ ಗೇಟಿನಿಂದಲೇ ವಾಪಸ್ ಕಳಿಸ್ತಾರೆ.”

ಉಗುರಿನಿಂದ ಅಂಚು ಎಬ್ಬಿಸಿದೆ. ಅದು ಬೆಚ್ಚಗಿತ್ತು. ಎಳೆದರೆ ಹಲಸಿನ ಅಂಟಿನ ಹಾಗೆ ಉದ್ದಕ್ಕೆ ಬಂದು, ಬಿಟ್ಟರೆ ಒಳಗೆ ಸರಿಯುತ್ತಿತ್ತು. ಬೆರಳಿಗೆ ಹಳದಿ ನೀರು ಹತ್ತಿತು. ನನ್ನ ಬಾಯಲ್ಲಿ ಹುಳಿ ನೀರೂರಿತು.

“ನೋವಾಗ್ತದಾ?”

“ಇಲ್ಲ. ಅದೇ ಹೆದರಿಕೆ.”

ಆಗ ಕೇಳಿಸಿತು.

“ಯಾರಾದರೂ ಒಮ್ಮೆ ನನ್ನನ್ನು ಮುಟ್ಟಿ...”

ಜಮೀನ್ದಾರ ಸಾಯುವ ದೃಶ್ಯದ ಮೊದಲ ಮಾತು. ಸದಾನಂದಣ್ಣನ ರಂಗದ ದನಿಯೇ. ಆದರೆ ಅವರ ತುಟಿ ಮುಚ್ಚಿತ್ತು. ಕಣ್ಣು ಅಗಲವಾಗಿ ನನ್ನನ್ನೇ ನೋಡುತ್ತಿತ್ತು.

“ನಾನಲ್ಲ” ಎಂದರು ಆಮೇಲೆ, ಉಸಿರಿನಷ್ಟು ಮೆಲ್ಲಗೆ.

ಮತ್ತೆ ಮೌನ. ಅದು ಎಂಥ ಮೌನವೆಂದು ಪ್ರಾಂಪ್ಟರ್‌ಗಳಿಗೆ ಗೊತ್ತಾಗುತ್ತದೆ... ನಟ ಮುಂದಿನ ಮಾತಿಗಾಗಿ ಕಾಯುವ ಮೌನ. ಹುಣ್ಣಿನ ಅಂಚು ಒದ್ದೆಯಾಗಿ ಅಲುಗಿತು.

ಜಲಜಕ್ಕ ನನ್ನ ರಟ್ಟೆ ಹಿಡಿದರು. “ಹೇಳಿಕೊಡಿ. ಮುಗೀಲಿ.”

ನನಗೆ ಬೇಡವಾಗಿತ್ತು. ಹೇಳಿಕೊಡಬೇಕೆಂದರೆ ಕೆನ್ನೆಯ ಹತ್ತಿರ ಬಾಯಿ ಒಯ್ಯಬೇಕು. ಉಸಿರು ಬಿಗಿಹಿಡಿದು ಬಗ್ಗಿದೆ.

“ಮುಟ್ಟಿದರೆ ಸಾಕು” ಎಂದೆ.

“ಮುಟ್ಟಿದರೆ ಸಾಕು” ಎಂದಿತು.

“ನಾನು ಹೋಗುತ್ತೇನೆ.”

“ನಾನು... ಹೋಗುತ್ತೇನೆ.”

ಬೆರಳಿಟ್ಟೆ. ಹುಣ್ಣು ಕಳಚಿ ನನ್ನ ಅಂಗೈಗೆ ಬಿತ್ತು, ಭಾರವಾಗಿ, ಬಿಸಿಯಾಗಿ. ಒಳಮೈಯಲ್ಲಿ ಬಿಳಿ ಗಡ್ಡದ ಸಣ್ಣ ಕೂದಲುಗಳಿದ್ದವು. ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ. ತಿರುಗಿ ನೋಡಿದರೆ ಅವರ ಕೆನ್ನೆ ಮಗುವಿನ ಕೆನ್ನೆಯಷ್ಟು ನುಣುಪು.

ಶೂಟಿಂಗ್ ನಡೆಯಿತು. ಸೀರಿಯಲ್ಲೂ ಬಂತು. ದಹಿಸರ್ ಸ್ಟೇಷನ್‌ನಲ್ಲಿ ಈಗ ಜನ ಅವರೊಡನೆ ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಆ ಅಜ್ಜ ಮಾತಿಗೆ ಮುಂಚೆ ಸುಮ್ಮನಾಗುವ ರೀತಿಯನ್ನು ಎಲ್ಲರೂ ಹೊಗಳುತ್ತಾರಂತೆ. ಸೆಟ್ಟಿನಲ್ಲಿ ಒಬ್ಬ ಅಸಿಸ್ಟೆಂಟ್ ಮರೆಯಲ್ಲಿ ಕುಳಿತು ಪ್ರತಿ ಸಾಲನ್ನೂ ಹೇಳಿಕೊಡುತ್ತಾನೆಂದು ಜಲಜಕ್ಕ ಫೋನಿನಲ್ಲಿ ಹೇಳಿದರು. ವಯಸ್ಸಾಯಿತಲ್ಲ, ಸಹಜ ಎಂದುಕೊಂಡೆ.

ಕಳೆದ ವಾರ ನೋಡಲು ಹೋದೆ. ಜಲಜಕ್ಕ ಬಾಗಿಲು ತೆಗೆದು ಒಳಗೆ ಸರಿದರು. ಸದಾನಂದಣ್ಣ ಸೋಫಾದ ಮೇಲೆ ಕುಳಿತಿದ್ದರು.

“ಹೇಗಿದ್ದೀರಿ ಸದಾನಂದಣ್ಣ?”

ಅವರು ನನ್ನನ್ನು ನೋಡಿದರು. ತುಟಿ ಮುಚ್ಚಿಕೊಂಡೇ ನೋಡಿದರು. ಫ್ಯಾನ್ ತಿರುಗುತ್ತಿತ್ತು. ಆ ಮೌನದ ಗುರುತು ನನಗೆ ಹತ್ತಿತು, ಮುಂದಿನ ಮಾತಿಗಾಗಿ ಕಾಯುವ ಮೌನ. ಎದ್ದು ಹೋಗಬೇಕೆನ್ನಿಸಿತು, ಹೋಗಲಾಗಲಿಲ್ಲ.

“ಚೆನ್ನಾಗಿದ್ದೇನೆ” ಎಂದು ಪಿಸುಗುಟ್ಟಿದೆ.

“ಚೆನ್ನಾಗಿದ್ದೇನೆ!” ಎಂದರು ಅವರು. ಇಷ್ಟು ವರ್ಷಗಳಲ್ಲಿ ಒಂದು ಮಾತನ್ನು ಅಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.