ಕಲ್ಯಾಣಿಯ ಮೆಟ್ಟಿಲಿಗೊಂದು ಏಣಿ

ಟಣ್ ಎಂದಿತು ಮೊದಲನೆಯದು. ಎರಡನೆಯದು ಟಪ್ಪೆಂದು ಅಲ್ಲೇ ಸುಮ್ಮನಾಯಿತು. ಸಂತೇಪೇಟೆಯ ಚಿಕ್ಕಬಸವಯ್ಯನವರ ಅಂಗಡಿಯಲ್ಲಿ ಗೋಡೆಗೆ ಒರಗಿಸಿದ್ದ ಏಣಿಗಳನ್ನು ಪ್ರೇಮಲೀಲಾ ಸ್ಪ್ಯಾನರಿನಿಂದ ಒಂದೊಂದಾಗಿ ಬಡಿದು, ಕಲ್ಲಂಗಡಿ ಕೊಳ್ಳುವವರ ಹಾಗೆ ಕಿವಿಗೊಟ್ಟು, ಮುಂದಕ್ಕೆ ಹೋಗುತ್ತಿದ್ದರು.

ಅಂಗಡಿಯ ಮುಂದೆ ನಿಂತ ಲಗೇಜ್ ಆಟೋದಲ್ಲಿ ಮತ್ತೊಂದು ಏಣಿ ಮಲಗಿತ್ತು. ಹೊಚ್ಚಹೊಸದು. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ, ತುದಿಯಲ್ಲಿ ಬಾಡಿದ ಸೇವಂತಿಗೆ ಹಾರ. ಚಿಕ್ಕಬಸವಯ್ಯ ಅದನ್ನೂ, ಅದರ ಪಕ್ಕದಲ್ಲಿ ಕೈಕಟ್ಟಿ ನಿಂತ ಸಿದ್ದಲಿಂಗಸ್ವಾಮಿಯನ್ನೂ ನೋಡಿದರು.

"ಪೂಜೆ ಮಾಡ್ಬುಟ್ಟು ವಾಪಸ್ ತಂದಿದ್ದೀರಲ್ಲ ಸ್ವಾಮಿ. ಧಾರೆ ಎರೆಸ್ಕೊಂಡು, ಮಾರನೇ ದಿನ ಹೆಣ್ಣನ್ನ ತವರಿಗೆ ಬಿಟ್ಟೋದಂಗಾಯ್ತಲ್ಲ."

ಸಿದ್ದಲಿಂಗಸ್ವಾಮಿ ಹೂಟಗಳ್ಳಿಯ ನಾಟಕ ತಂಡವೊಂದರ ಕಾರ್ಯದರ್ಶಿ. ಪ್ರೇಮಲೀಲಾ ಆ ತಂಡದಲ್ಲಿ ಬೆಳಕು ನೋಡಿಕೊಳ್ಳುವವರು. ಆ ಏಣಿ ಕೊಂಡು ತಂದವರು ಅವರು, ಬೇಡವೆಂದವರು ಇವರು.

ಪ್ರೇಮಲೀಲಾ ನಾಟಕದ ಜಾಗಕ್ಕೆ ಮೊದಲ ಸಲ ಹೋದದ್ದು ಒಂದು ಮೇನ್ ಸ್ವಿಚ್ ತೋರಿಸಲು. ಮದುವೆಗೆ ಮುಂಚಿನಿಂದಲೂ ಅವರು ಹೂಟಗಳ್ಳಿಯ ಮೋಟಾರು ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದರು. ಕಾರ್ಖಾನೆ ಮುಚ್ಚಿತು. ಖಾಲಿ ಶೆಡ್ಡನ್ನು ನಾಟಕದವರು ಬಾಡಿಗೆಗೆ ಹಿಡಿದರು. ಯಾವ ಸ್ವಿಚ್ಚಿಗೆ ಯಾವ ದೀಪವೆಂದು ಯಾರಿಗೂ ತಿಳಿಯದೆ, ಹತ್ತಿರದಲ್ಲೇ ಮನೆಯಿದ್ದ ಅವರನ್ನು ಕರೆಸಿದರು. ತೋರಿಸಿ ಹೋಗಲು ಬಂದವರು ಬಾಗಿಲಲ್ಲಿ ನಿಂತು ತಾಲೀಮು ನೋಡಿದರು. ತಾವು ಅಷ್ಟು ವರ್ಷ ತಲೆ ತಗ್ಗಿಸಿ ತಂತಿ ಸುತ್ತಿದ ಜಾಗದಲ್ಲೇ ಒಬ್ಬ ಹುಡುಗಿ ತಲೆಯೆತ್ತಿ ಮಾತಾಡುತ್ತಿದ್ದಳು. ಅವಳ ಮುಖ ಮಾತ್ರ ಕಾಣುತ್ತಿರಲಿಲ್ಲ. ಪ್ರೇಮಲೀಲಾ ಯಾರನ್ನೂ ಕೇಳದೆ ಮೂಲೆಯ ಮರದ ಏಣಿ ಎಳೆದು ತಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ, ಒಂದು ದೀಪವನ್ನು ಅವಳ ಕಡೆಗೆ ತಿರುಗಿಸಿದರು. ಕೆಳಗಿಳಿಯುವ ಹೊತ್ತಿಗೆ ಅವರು ತಂಡದವರಾಗಿದ್ದರು.

ಆಮೇಲೆ ತಂಡಕ್ಕೆ ಎಷ್ಟೋ ಜನ ಬಂದರು, ಹೋದರು. ಪ್ರೇಮಲೀಲಾ ಅವರ ಕೂದಲು ನೆರೆಯಿತು. ಸೀರೆಯ ಬದಲು ಚೂಡಿದಾರ ಬಂತು. ಏಣಿ ಮಾತ್ರ ಅದೇ. ಅದರ ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಯಾವುದರ ಅಂಚು ಸವೆದಿದೆ ಎಂಬುದು ಅವರ ಪಾದಕ್ಕೆ ಗೊತ್ತಿತ್ತು. ಗೊತ್ತಿದ್ದ ಪಾದವೇ ಒಂದು ಮಧ್ಯಾಹ್ನ ಮೋಸಹೋಯಿತು. ಮೆಟ್ಟಿಲು ಮುರಿದು, ಅವರು ಕೆಳಗೆ ಬಿದ್ದು, ಬಲಗಾಲಿನ ಹರಡು ಮುರಿಯಿತು.

ಅವರು ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದಾಗ ಸಿದ್ದಲಿಂಗಸ್ವಾಮಿ ಪಶ್ಚಾತ್ತಾಪದಿಂದಲೋ ಪ್ರೀತಿಯಿಂದಲೋ ಅಲ್ಯೂಮಿನಿಯಂ ಏಣಿಯೊಂದನ್ನು ತಂದಿಟ್ಟರು. ಖಾಲಿ ರಂಗದ ಮೇಲೆ ನಿಲ್ಲಿಸಿ ನೋಡಿದರೆ ದಸರಾ ಆನೆಯ ಹಾಗೆ ಗಂಭೀರವಾಗಿ ನಿಂತಿತು. ಹೊಸ ಸಾಮಾನು ಬಂದರೆ ಮೊದಲು ಪೂಜೆ, ಆಮೇಲೆ ಕೆಲಸ. ಅದು ತಂಡದ ಪದ್ಧತಿ. ಕಾಯಿ ಒಡೆದರು, ನಿಂಬೆಹಣ್ಣು ತುಳಿಸಿದರು, ಎಲ್ಲರೂ ಕಣ್ಣಿಗೊತ್ತಿಕೊಂಡರು.

ಆದರೆ ಬೆಳಕಿನವರಿಗೆ ಖಾಲಿ ರಂಗ ಸಿಗುವುದು ಯಾವಾಗ? ಬಡಗಿಗಳು ಸೆಟ್ ಕಟ್ಟಿ ಮುಗಿಸಿದ ಮೇಲೇ ಅವರ ಸರದಿ. ಈ ಸಲದ ನಾಟಕದ ಕಥೆ ನಡೆಯುವುದು ಒಂದು ಊರಿನ ಕಲ್ಯಾಣಿಯಲ್ಲಿ. ರಂಗದ ತುಂಬ ಇಳಿಯುವ ಮೆಟ್ಟಿಲುಗಳು. ನಾಲ್ಕೂ ಕಾಲು ಒಂದೇ ಉದ್ದವಿದ್ದ ಹೊಸ ಏಣಿಗೆ ಅಲ್ಲಿ ಎಲ್ಲೂ ನಿಲ್ಲಲು ನೆಲವಿರಲಿಲ್ಲ. ಪ್ಲಾಸ್ಟರ್ ತೆಗೆಸಿ, ನಡೆಯುವುದನ್ನು ಮತ್ತೆ ರೂಢಿಸಿಕೊಂಡು ಬಂದ ಪ್ರೇಮಲೀಲಾ ನೋಡುವಾಗ ಅದರ ಎರಡು ಕಾಲಿನ ಕೆಳಗೆ ಇಟ್ಟಿಗೆ ಪೇರಿಸಿದ್ದರು. ಉರಿಯುವ ದೀಪದ ಪಕ್ಕ ಲೋಹದ ಏಣಿ ಬೇಡ, ಕರೆಂಟು ಹರಿದರೆ ಗತಿಯೇನು ಎಂದು ಅವರು ಹೇಳಿದರು. ಹೇಳಿದರೂ, ದೀಪಗಳನ್ನೆಲ್ಲ ಆರಿಸಲು ಹೇಳಿ, ಒಮ್ಮೆ ನೋಡೋಣವೆಂದು ಹತ್ತಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ಎಲ್ಲವೂ ನಡುಗಿತು. ನಡುಗಿದ್ದು ಏಣಿಯೋ ಕಾಲೋ ಅವರಿಗೇ ತಿಳಿಯಲಿಲ್ಲ. ಇಳಿದುಬಿಟ್ಟರು.

ಅವರು ಇಳಿದದ್ದನ್ನು ಎಲ್ಲರೂ ನೋಡಿದರು. ಸಿದ್ದಲಿಂಗಸ್ವಾಮಿ ಮೆತ್ತಗೆ ತಮ್ಮ ತೀರ್ಮಾನ ಹೇಳಿದರು: ಇನ್ನು ಮೇಲೆ ಅಕ್ಕ ಕೆಳಗೆ ಬೋರ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರಲಿ, ದೀಪ ಹೆಚ್ಚು ಕಡಿಮೆ ಮಾಡಲಿ, ಮೇಲೆ ಹತ್ತಿ ತಿರುಗಿಸಲು ಬಾಡಿಗೆಗೆ ಯಾರಾದರೂ ಸಿಗುತ್ತಾರೆ. ಅಕ್ಕ ಬಾಯಲ್ಲಿ ಹೇಳಿದರೆ ಸಾಕು.

ದೀಪ ತಿರುಗಿಸುವುದು ಬಾಯಲ್ಲಿ ಹೇಳುವ ಕೆಲಸವೇ? ಮಗುವಿಗೆ ತುತ್ತು ತಿನ್ನಿಸುವುದನ್ನು ಪಕ್ಕದ ಮನೆಯಿಂದ ಕೂಗಿ ಹೇಳಿದ ಹಾಗೆ. ಪ್ರೇಮಲೀಲಾ ಜಗಳವಾಡಲಿಲ್ಲ. ಏಣಿಯನ್ನು ತಾವೇ ಆರಿಸುವುದಾಗಿಯೂ, ಅದರ ಮೇಲೂ ನಡುಗಿದರೆ ತಾವಾಗಿಯೇ ಕುರ್ಚಿ ಹಿಡಿಯುವುದಾಗಿಯೂ ಹೇಳಿ ಒಪ್ಪಿಸಿ ಬಂದರು.

ಮಗಳು ಲಾಸ್ಯಳನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಅವಳು ಸಿದ್ಧಾರ್ಥನಗರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮುರಿದ ಮೂಳೆಗಳ ಕಥೆ ದಿನವೂ ಕೇಳುವವಳು. ಕಾಲು ಗಟ್ಟಿಯಾಗಿದೆ ಎಂದು ತೋರಿಸಲು ಪ್ರೇಮಲೀಲಾ ಒಂದು ಮಂಗಳವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಚಾಮುಂಡಿ ಬೆಟ್ಟವನ್ನು ಕಾಲ್ನಡಿಗೆಯಲ್ಲೇ ಹತ್ತಿದರು. ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ, ಏಳುತ್ತ, ಮತ್ತೆ ಬಗ್ಗುತ್ತ. ಮೇಲೆ ತಲುಪಿದ ಮೇಲೆ, ಈಗೇನಂತೀ ಎನ್ನುವ ಹಾಗೆ ಮಗಳ ಮುಖ ನೋಡಿದರು.

"ಬೆಟ್ಟದ್ದು ಕಲ್ಲು ಕಣಮ್ಮ," ಎಂದಳು ಲಾಸ್ಯ. "ಅದು ಅಲ್ಲಾಡಲ್ಲ."

ಅದಕ್ಕೆ ಉತ್ತರ ಹುಡುಕಿಕೊಂಡೇ ಅವರು ಸಂತೇಪೇಟೆಗೆ ಬಂದಿದ್ದರು.

ಏಣಿಗಳನ್ನೆಲ್ಲ ಬಡಿದು ನೋಡಿ ಮುಗಿಸಿ, ಅವರು ಸ್ಪ್ಯಾನರನ್ನು ಚೀಲಕ್ಕೆ ಹಾಕಿದರು. ಆಮೇಲೆ ಅಂಗಡಿಯ ಸಾಮಾನಿಗೆ ಕೈ ಹಾಕಿದರು. ವೈಟ್ ಸಿಮೆಂಟಿನ ಚೀಲಗಳನ್ನು ಸಿದ್ದಲಿಂಗಸ್ವಾಮಿಯವರ ಕೈಯಲ್ಲಿ ಒಂದರ ಮೇಲೊಂದು ಇಡಿಸಿದರು, ಅದರ ಮುಂದೆ ಪೇಂಟಿನ ಬಕೆಟ್ಟುಗಳ ಸಾಲು, ಅದಕ್ಕೂ ಮುಂದೆ ಬರಿ ನೆಲ. ಮೊಳೆ ಕೊಳ್ಳಲು ಬಂದವರು ಕೊಳ್ಳುವುದನ್ನು ಮರೆತು ನಿಂತರು.

"ಅಮ್ಮಾವ್ರೇ," ಎಂದರು ಚಿಕ್ಕಬಸವಯ್ಯ, "ಏಣಿ ತಗೊಳೋಕೆ ಬಂದ್ರೋ, ಮನೆ ಕಟ್ಟೋಕೆ ಬಂದ್ರೋ?"

"ಕಲ್ಯಾಣಿ ಕಟ್ತಾ ಇದೀನಿ ಬಸವಯ್ಯನೋರೆ. ಆ ಬಕೆಟ್ಟು ಚೂರು ಈಕಡೆ ತಳ್ಳಿ."

ಚಿಕ್ಕಬಸವಯ್ಯ ತಳ್ಳಿದರು. ಯಾಕೆ ತಳ್ಳಿದೆ ಎಂದು ಅವರಿಗೇ ಆಶ್ಚರ್ಯವಾದಂತಿತ್ತು.

ಒಂದೊಂದೇ ಏಣಿಯನ್ನು ತಂದು ಆ ಕಲ್ಯಾಣಿಯ ಮೇಲೆ ನಿಲ್ಲಿಸಲು ನೋಡಿದರು. ಒಂದು ವಾಲಿತು. ಒಂದು ಕಾಲೆತ್ತಿ ನಿಂತಿತು. ಗೋಡೆಗೆ ಒರಗಿಸುವ ಉದ್ದನೆಯ ಏಣಿ ಚೆನ್ನಾಗಿತ್ತು, ಆದರೆ ರಂಗದ ನಡುವೆ ಒರಗಲು ಗೋಡೆ ಎಲ್ಲಿಂದ ತರುವುದು? ಸಿದ್ದಲಿಂಗಸ್ವಾಮಿಯ ಬೆನ್ನು ಬೆವರಿತ್ತು. ಕುರ್ಚಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಆದರೆ ಎತ್ತಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ.

ಆಗ ಚಿಕ್ಕಬಸವಯ್ಯ ಎದ್ದು ಒಳಗೆ ಹೋದರು. ಯಾರೋ ಆರ್ಡರ್ ಕೊಟ್ಟು ಬಿಟ್ಟುಹೋದ ಮಾಲು, ಧೂಳು ಹಿಡಿದಿದೆ ಎನ್ನುತ್ತ ಕರೆಂಟು ಹರಿಯದ, ಹಳದಿ ಬಣ್ಣದ ಫೈಬರ್ ಏಣಿಯೊಂದನ್ನು ಎಳೆದು ತಂದರು. ಮಧ್ಯದಲ್ಲಿ ಮಡಚುವಂಥದ್ದು. ಎರಡೂ ಬದಿಯನ್ನು ಬೇಕಾದಷ್ಟು ಉದ್ದಕ್ಕೆ ಎಳೆದು ಬೇರೆಬೇರೆಯಾಗಿ ಲಾಕ್ ಮಾಡಬಹುದಿತ್ತು. ಒಂದು ಬದಿಯ ಕಾಲಿಗೆ ಎರಡು ಪುಟ್ಟ ಚಕ್ರ. ಪ್ರೇಮಲೀಲಾ ಉದ್ದನೆಯ ಬದಿಯನ್ನು ನೆಲಕ್ಕೂ ಗಿಡ್ಡನೆಯದನ್ನು ಸಿಮೆಂಟಿನ ಚೀಲಗಳ ಮೇಲಕ್ಕೂ ಊರಿ, ಲಾಕುಗಳನ್ನು ಅಂಗೈಯಿಂದ ಗುದ್ದಿ ನೋಡಿದರು. ಸಿದ್ದಲಿಂಗಸ್ವಾಮಿಯನ್ನು ಬಕೆಟ್ಟುಗಳ ಮುಂದೆ ನಿಲ್ಲಿಸಿ, ನಾಟಕದ ಕೊನೆಯ ದೃಶ್ಯದ ಹುಡುಗಿ ನೀವೇ, ತಲೆ ಬಗ್ಗಿಸಿ ಎಂದರು. ಜನ ನಕ್ಕರು. ಕಾರ್ಯದರ್ಶಿ ತಲೆ ಬಗ್ಗಿಸಿದರು.

ಅವರು ಹತ್ತಿದರು. ಹತ್ತುವುದು ಪರೀಕ್ಷೆಯಲ್ಲ. ಮೇಲೆ ಹೋದ ಮೇಲೆ ಒಂದು ಕೈ ದೀಪ ತಿರುಗಿಸಲು ಬೇಕು, ಇನ್ನೊಂದು ಸ್ಕ್ರೂ ಬಿಗಿಸಲು ಬೇಕು. ಏಣಿ ಹಿಡಿಯಲು ಮೂರನೇ ಕೈಯನ್ನು ದೇವರು ಕೊಟ್ಟಿಲ್ಲ. ಮೊಣಕಾಲನ್ನು ಮೆಟ್ಟಿಲಿಗೆ ಒತ್ತಿ, ಪ್ರೇಮಲೀಲಾ ಎರಡೂ ಕೈ ಬಿಟ್ಟರು. ಇಲ್ಲದ ದೀಪವೊಂದನ್ನು ಹಿಡಿದು ಮೆಲ್ಲಗೆ ತಿರುಗಿಸಿದರು. ಏನೂ ಅಲ್ಲಾಡಲಿಲ್ಲ. ಆದರೆ ಅಂಗಡಿಯ ಸೂರು ತಗ್ಗು. ರಂಗದ ದೀಪದ ಅರ್ಧ ಎತ್ತರವೂ ಅದಲ್ಲ ಎಂಬುದು ಅವರಿಗೂ ಗೊತ್ತಿತ್ತು, ಕೆಳಗೆ ತಲೆ ಬಗ್ಗಿಸಿದ್ದವರಿಗೂ ಗೊತ್ತಿತ್ತು.

"ಇದೇ," ಎಂದರು ಇಳಿದು.

ಪೂಜೆಯಾದ ಏಣಿಯನ್ನು ಇನ್ನೊಬ್ಬರಿಗೆ ಮಾರಲು ಮನಸ್ಸೊಪ್ಪದೆ ಚಿಕ್ಕಬಸವಯ್ಯ ಅದನ್ನು ತಮ್ಮ ಅಂಗಡಿಗೇ ಇಟ್ಟುಕೊಂಡರು. ಬಾಡಿದ ಹಾರ ತೆಗೆದು, ತಮ್ಮ ದೇವರ ಪಟದ ಮಲ್ಲಿಗೆಯಲ್ಲಿ ಒಂದು ತುಂಡು ಹರಿದು ಅದಕ್ಕೆ ಸಿಕ್ಕಿಸಿದರು.

ಸಂಜೆ ಶೆಡ್ಡಿನಲ್ಲಿ ಸಿದ್ದಲಿಂಗಸ್ವಾಮಿ ನಿಂಬೆಹಣ್ಣು ಹಿಡಿದು ಕಾದಿದ್ದರು. ಪ್ರೇಮಲೀಲಾ ಈ ಸಲ ಕೆಲಸ ಮೊದಲು, ಪೂಜೆ ಆಮೇಲೆ ಎಂದರು. ಕೆಲಸ ಮುಗಿಸಿ ನೇರವಾಗಿ ಬಂದ ಲಾಸ್ಯ ಬ್ಯಾಗನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಳು. ನಾಟಕದ ಹುಡುಗಿ ರಂಜನಿ ಕಲ್ಯಾಣಿಯ ಕೊನೆಯ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕೂತಳು. ಅವಳ ಮುಖಕ್ಕೆ ಬೀಳಬೇಕಾದ ದೀಪ ಎಲ್ಲಕ್ಕಿಂತ ಎತ್ತರದ ಪೈಪಿನ ಮೇಲಿತ್ತು. ಉರಿಯುತ್ತಿತ್ತು, ಆದರೆ ಗೋಡೆಯ ಕಡೆಗೆ.

ಹಳದಿ ಏಣಿ ಮೂರು ಮೆಟ್ಟಿಲ ಅಂತರದಲ್ಲಿ ಕಾಲೂರಿ ನಿಂತಿತು. ಪ್ರೇಮಲೀಲಾ ಹತ್ತಿದರು. ಅಂಗಡಿಯಲ್ಲಿ ಹತ್ತಿದಷ್ಟು ಎತ್ತರ ದಾಟುವವರೆಗೂ ಎಲ್ಲ ಸರಿಯಿತ್ತು. ದಾಟಿದ್ದೇ, ನಡುಕ ಶುರುವಾಯಿತು. ಕೆಳಗೆ ಯಾರೋ ಉಸಿರೆಳೆದುಕೊಂಡದ್ದು ಅವರಿಗೆ ಕೇಳಿಸಿತು.

ಅವರು ಇಳಿಯಲಿಲ್ಲ. ಕರುವಿನ ಬೆನ್ನು ಮುಟ್ಟುವ ಹಾಗೆ ಅಂಗೈಯನ್ನು ಏಣಿಯ ಪಕ್ಕೆಯ ಮೇಲೆ ಇಟ್ಟು ನೋಡಿದರು. ಏಣಿ ನಡುಗುತ್ತಿರಲಿಲ್ಲ. ಹಾಗಾದರೆ ನಡುಗುತ್ತಿರುವುದು ಕಾಲು. ಆ ದಿನ ಇಟ್ಟಿಗೆಗಳ ಮೇಲೆ ತಿಳಿಯದೆ ಹೋದದ್ದು ಈಗ ನಿಚ್ಚಳವಾಗಿ ತಿಳಿದಾಗ ಅವರಿಗೆ ಭಯದ ಬದಲು ಒಂದು ನೆಮ್ಮದಿ ಬಂತು. ಏಣಿಯಾಗಿದ್ದರೆ ಮಾಡುವಂಥದ್ದೇನೂ ಇರಲಿಲ್ಲ. ಕಾಲಾದರೆ ಅದು ತನ್ನದು. ಬಿದ್ದು ಹೆದರಿದೆ, ಅಷ್ಟೇ. ಹೆದರಿದವರನ್ನು ಬೈಯಬಾರದು, ಜೊತೆಗೆ ಕರೆದುಕೊಂಡು ಹೋಗಬೇಕು. ಅವರು ಎಡಗಾಲೆತ್ತಿ ಮೇಲಿಟ್ಟರು. ಬಲಗಾಲು ನಡುಗುತ್ತಲೇ ಹಿಂದೆ ಬಂತು. ಮತ್ತೆ ಎಡಗಾಲು. ಮತ್ತೆ ಅದು. ಪೈಪಿನ ಹತ್ತಿರ ತಲುಪಿ, ಮೊಣಕಾಲು ಒತ್ತಿ, ಎರಡೂ ಕೈ ಬಿಟ್ಟಾಗ ನಡುಕ ಎಲ್ಲಿಗೆ ಹೋಯಿತೋ ನೋಡಲು ಅವರಿಗೆ ಪುರಸೊತ್ತಿರಲಿಲ್ಲ. ದೀಪ ಕೈಗೆ ಬಂದಿತ್ತು.

ಬೆಳಕು ಗೋಡೆ ಬಿಟ್ಟು ಹೊರಟಿತು. ಮೆಟ್ಟಿಲು ಮೆಟ್ಟಿಲಾಗಿ ಕಲ್ಯಾಣಿಗೆ ಇಳಿದು, ಕೊನೆಯ ಮೆಟ್ಟಿಲಲ್ಲಿ ಕೂತ ರಂಜನಿಯ ಪಾದ ಮುಟ್ಟಿ, ಮಡಿಲು ತುಂಬಿ, ಮುಖಕ್ಕೆ ಬಂದು ನಿಂತಿತು.

"ತಲೆ ಎತ್ತಮ್ಮ," ಎಂದರು ಪ್ರೇಮಲೀಲಾ ಮೇಲಿನಿಂದ.

ರಂಜನಿ ತಲೆಯೆತ್ತಿದಳು. ಶೆಡ್ಡಿನಲ್ಲಿ ಚಪ್ಪಾಳೆ ಎದ್ದಿತು. ಮೊದಲು ಹೊಡೆದವಳು ಲಾಸ್ಯ. ಬ್ಯಾಗು ಅವಳ ಕಾಲ ಬಳಿ ಬಿದ್ದಿತ್ತು.

ಇಳಿದು ಬಂದ ಪ್ರೇಮಲೀಲಾ ಅವರ ಎದುರಿಗೆ ಸಿದ್ದಲಿಂಗಸ್ವಾಮಿ ನಿಂಬೆಹಣ್ಣು ಹಿಡಿದುಕೊಂಡೇ ನಿಂತಿದ್ದರು. ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು, ಆಮೇಲೆ ಕಾರ್ಯದರ್ಶಿಯಾದರು.

"ಅಲ್ಲಾ ಪ್ರೇಮಕ್ಕ, ನೀವು ಮೇಲೆ ಹತ್ತೋದಾದ್ರೆ ಕೆಳಗೆ ಬೋರ್ಡಿಗೆ ಒಬ್ಬರು ಬೇಕಲ್ಲ. ಯಾರನ್ನ ಕೂರಿಸೋದು?"

"ಕುರ್ಚಿ ಹಾಕಿದವರು ನೀವೇ ಅಲ್ವಾ ಸ್ವಾಮಿ. ನೀವೇ ಕೂತ್ಕೊಳಿ."

"ನಂಗೆಲ್ಲಿ ಬರುತ್ತೆ ಅದೆಲ್ಲ? ಮೊದಲು ಈ ಪೂಜೆ ಒಂದು ಮುಗಿಸಿ, ಆಮೇಲೆ ನಿಧಾನವಾಗಿ ಕೂತು..."

ಪ್ರೇಮಲೀಲಾ ಏಣಿಯನ್ನು ಮಡಚಿ, ಹಿಂದಕ್ಕೆ ವಾಲಿಸಿ, ಚಕ್ರದ ಮೇಲೆ ಎಳೆದುಕೊಂಡು ರಂಗದ ಆಚೆ ಬದಿಯ ದೀಪದ ಕಡೆಗೆ ಆಗಲೇ ಹೊರಟಾಗಿತ್ತು.