ಗಿರಣಿ ಸಾಹುಕಾರನ ನೀರು

ಮೊನ್ನೆ ಪಾಮನಕಲ್ಲೂರಿನಿಂದ ಲ್ಯಾಬಿಗೆ ಬಂದ ಎರೆಮಣ್ಣು ತುಂಬಿದ ಕೊಳವೆ ಬಿಚ್ಚಿದೆ. ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಗಿರಣಿ ಸಾಹುಕಾರ ನೆನಪಾದ. ಮಣ್ಣಿನ ತುಂಡನ್ನು ಯಂತ್ರದಲ್ಲಿಟ್ಟು, ಎಷ್ಟು ಭಾರಕ್ಕೆ ಎಷ್ಟು ಕುಗ್ಗುತ್ತದೆ, ಯಾವಾಗ ಒಡೆಯುತ್ತದೆ ಎಂದು ನೋಡುವುದು ನನ್ನ ಕೆಲಸ. ಸುಳ್ಳೇಕೆ ಹೇಳಲಿ, ಎಷ್ಟೋ ವರ್ಷ ಆ ತುಂಡಿನಲ್ಲಿ ನನಗೆ ಅವನ ಮುಖವೇ ಕಾಣುತ್ತಿತ್ತು. ಒಡೆದಾಗ ಖುಷಿಯಾಗುತ್ತಿತ್ತು.

ಸಿಂಧನೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಅವನ ಅಕ್ಕಿ ಗಿರಣಿ. ಮನೆಯನ್ನು ಅಪ್ಪನೇ ಕಟ್ಟಿದ್ದ. ಅಪ್ಪ ಗೌಂಡಿ. ಎರೆ ತೆಗೆದು, ಉಬ್ಬದ ಗರಸುಮಣ್ಣು ತುಂಬಿ, ಗಟ್ಟಿಯಾಗಿ ಬಡಿದು ಪಾಯ ಹಾಕಿದ್ದ. ಭತ್ತ ನೆನೆಹಾಕಿದ ತೊಟ್ಟಿಯ ನೀರನ್ನು ಸಾಹುಕಾರ ನಮ್ಮ ಹಿತ್ತಲ ಗೋಡೆಯ ಬುಡಕ್ಕೇ ಬಿಡುತ್ತಿದ್ದ. ಗಿರಣಿ ನಡೆದಾಗ ಸುತ್ತಲಿನ ಎರೆ ನೀರು ಕುಡಿದು ಉಬ್ಬುತ್ತಿತ್ತು, ನಿಂತಾಗ ಒಣಗಿ ಬಿರಿಯುತ್ತಿತ್ತು. ಒಂದು ಬೇಸಿಗೆ ಕಿಟಕಿಯ ಮೂಲೆಯಿಂದ ಗೋಡೆ ಸೀಳಿತು. ಅಪ್ಪ ಕೇಳಲು ಹೋದರೆ ಅವನು ಓಣಿಗೆಲ್ಲ ಕೇಳುವಂತೆ ನಕ್ಕ.

"ಪಾಯಾನ ಕಚ್ಚಾ ಹಾಕೀದಿ. ನನ್ನ ನೀರಿಗೆ ಯಾಕ ಬೈತಿಯಲೇ ಗೌಂಡಿ?"

ಆ ಮಾತು ಊರೆಲ್ಲ ಸುತ್ತಿತು. ಸ್ವಂತ ಮನೆಯ ಪಾಯ ಕೆಡಿಸಿಕೊಂಡವನಿಗೆ ಯಾರು ಕೆಲಸ ಕೊಡುತ್ತಾರೆ? ಅಪ್ಪ ಲಿಂಗಸುಗೂರಿನ ಕಡೆ ಬೇರೆ ಗೌಂಡಿಗಳ ಕೈಕೆಳಗೆ ಕಲ್ಲು ಹೊತ್ತ... ಸಾಯುವ ತನಕ ತನ್ನ ಕೈಯನ್ನೇ ಅನುಮಾನಿಸಿದ.

ಸೇಡಿಗೆ ಜನ ಕೊಡಲಿ ಹಿಡಿಯುತ್ತಾರೆ, ನಾನು ಮಣ್ಣು ಹಿಡಿದೆ. ಆ ಹಿತ್ತಲ ಮಣ್ಣನ್ನೇ ತಂದು ಒತ್ತಿ, ನೆನೆಸಿ, ಒಣಗಿಸಿ ಅದರ ಗುಣ ತಿಳಿದುಕೊಂಡೆ. ಆಮೇಲೆ ಕಂಪ್ಯೂಟರಿನಲ್ಲಿ ಅಪ್ಪನ ಗೋಡೆಯನ್ನು ಕಟ್ಟಿದೆ. ಬರೀ ಮಳೆ ಬಿಸಿಲು ಕೊಟ್ಟೆ, ಗೋಡೆ ನಿಂತಿತು. ಗಿರಣಿಯ ನೀರು ಬಿಟ್ಟೆ, ಕಿಟಕಿಯ ಮೂಲೆಯಿಂದಲೇ ಸೀಳಿತು. ಹಲ್ಲು ಕಚ್ಚಿಕೊಂಡು ಅತ್ತೆ.

ಮರುದಿನವೇ ಸಿಂಧನೂರಿನ ಬಸ್ಸು ಹತ್ತಿದೆ. ಮುದುಕನಾಗಿದ್ದ ಸಾಹುಕಾರ ಓಣಿಯ ಚಹಾದಂಗಡಿಯ ಮುಂದೆ ಕೂತಿದ್ದ. ಹಿಂದಿನ ಮನೆಯ ಗೌಂಡಿಯ ಮಗಳು ಎಂದು ಹೇಳಿ, ನಾಲ್ಕು ಮಂದಿಯ ಎದುರೇ ಲ್ಯಾಪ್‌ಟಾಪ್ ತೆರೆದು ಎರಡೂ ಗೋಡೆ ತೋರಿಸಿದೆ. ಅವನು ಪೂರ್ತಿ ನೋಡಲೂ ಇಲ್ಲ.

"ಗೊತ್ತೈತವ್ವಾ. ಆವಾಗ್ಲೂ ಗೊತ್ತಿತ್ತು. ಒಪ್ಪಿದ್ರ ಗಿರಣಿ ಬಂದ್ ಮಾಡಬೇಕಿತ್ತು. ನಿಮ್ಮಪ್ಪನ ಪಾಯ ಗಟ್ಟಿನ ಇತ್ತು."

ಇಷ್ಟು ವರ್ಷ ಕಾದದ್ದು ಈ ಮಾತಿಗೇ. ಕೇಳಿದಿರಾ ಎನ್ನುವಂತೆ ಮಂದಿಯ ಕಡೆ ತಿರುಗಿದೆ. ಒಬ್ಬ ಚಹಾದ ಕಪ್ಪು ಕೆಳಗಿಟ್ಟು ಕೇಳಿದ, "ಯಾವ ಗೌಂಡಿ ರೀ?"

ಅಲ್ಲಿ ಯಾರಿಗೂ ಅಪ್ಪ ನೆನಪಿರಲಿಲ್ಲ. ಕೊನೆಗೆ ಸಾಹುಕಾರನೇ ಹೇಳಬೇಕಾಯಿತು. "ಎತ್ತರದ ಆಳು. ಎಡಗೈಲೆ ಕರಣಿ ಹಿಡೀತಿದ್ದ. ಗ್ವಾಡಿ ಕಟ್ಟೂವಾಗ ಸಣ್ಣಗ ಸಿಳ್ಳು ಹಾಕ್ತಿದ್ದ."

ಸಿಳ್ಳು ಹಾಕುತ್ತಿದ್ದದ್ದು ನನಗೇ ಮರೆತುಹೋಗಿತ್ತು...

ಈ ವರ್ಷ ಸಾಹುಕಾರ ಸತ್ತ. ನಾನವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಪ್ಪನದು ಇನ್ನೂ ಏನೇನು ನೆನಪಿತ್ತೋ ಆ ಪಾಪಿಗೆ. ಎಲ್ಲವನ್ನೂ ತನ್ನ ಜೊತೆಗೇ ಒಯ್ದ.